ಹುಡುಕಪ್ಪನವರು

ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸರಿಯಾಗಿ ಕೂತಿದೆ. ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ಅಂತರ್ಜಾಲದಲ್ಲಿ ಏನು ಕೇಳಿದರೂ ಇವರ ಮೊದಲ ಮಾತು “ಮೊದಲು ಹುಡುಕಪ್ಪ”. ಎರಡನೆಯದು “ಹುಡುಕಿದ್ದೀಯೇನಪ್ಪ?” ಮೂರನೆಯ ಮಾತಿನ ಹೊತ್ತಿಗೆ ಹುಡುಗ ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ಹುಡುಕಪ್ಪನವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಪಾಲಿಗೂ ಒಬ್ಬರು ಬಂದಿದ್ದಾರೆ. ಮೂರನೇ ಮಹಡಿ, ತಲೆ ಅರ್ಧ ನರೆತಿದೆ, ಲಿಫ್ಟಿನಲ್ಲಿ ಸಿಕ್ಕರೆ ಬಲು ಮೆದು ಮನುಷ್ಯ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲೂ ಸಂಕೋಚಪಡುತ್ತಾರೆ. ರಾತ್ರಿ ಊಟ ಮುಗಿಸಿ, ಲ್ಯಾಪ್‌ಟಾಪ್ ತೆರೆದು ಸ್ಟ್ಯಾಕ್ ಓವರ್‌ಫ್ಲೋ ಒಳಗೆ ಕಾಲಿಟ್ಟರೆ ಮಾತ್ರ ಆ ಮನುಷ್ಯನೇ ಬೇರೆ. 2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪಾಲ್ಸ್ಕಿ ಆ ಜಾಗ ಕಟ್ಟಿದ್ದು ಪ್ರೋಗ್ರಾಮರುಗಳು ಒಬ್ಬರಿಗೊಬ್ಬರು ಉತ್ತರ ಕೊಡಲಿ ಎಂದು. ನಮ್ಮವರು ಅಲ್ಲಿಗೆ ಹೋಗುವುದು ತಪಾಸಣೆಗೆ.

ಒಂದು ರಾತ್ರಿಯ ಕೆಲಸವನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ. ಯಾವುದೋ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದ್ದ: “ಸರ್, ನಮಸ್ಕಾರ. ಸಿ ಪ್ರೋಗ್ರಾಂ ಬರೆದಿದ್ದೇನೆ. ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದ ತಕ್ಷಣ ನಿಂತುಹೋಗುತ್ತದೆ. ನಾಳೆ ಲ್ಯಾಬ್ ಇಂಟರ್ನಲ್ಸ್. ದಯವಿಟ್ಟು ಸಹಾಯ ಮಾಡಿ. ಧನ್ಯವಾದಗಳು ಸರ್.”

ಹುಡುಕಪ್ಪನವರು ಮೊದಲು ‘ನಮಸ್ಕಾರ’ ತೆಗೆದರು. ಆಮೇಲೆ ‘ಸರ್’ ತೆಗೆದರು. ‘ಧನ್ಯವಾದ’ಕ್ಕೂ ಅದೇ ಗತಿ. “ಇದೇನ್ರೀ, ಪಾಪ, ಮರ್ಯಾದೆ ಕೊಟ್ಟಿದ್ದಾನೆ” ಅಂದೆ. “ಇಲ್ಲಿ ಹರಟೆಗೆ ಜಾಗ ಇಲ್ಲ” ಎಂದರು. ಅದು ಅಲ್ಲಿನ ಪದ್ಧತಿಯೇ. ಹಲೋ, ಥ್ಯಾಂಕ್ಸ್ ಎಲ್ಲ ಕಸದ ಲೆಕ್ಕ. ಹತ್ತಾರು ವರ್ಷ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಬೆಳೆದ ನಮ್ಮ ಹುಡುಗರಿಗೆ ಇದು ಹೇಗೆ ತಿಳಿಯಬೇಕು?

ಮುಂದೆ ಕೋಡಿಗೆ ಬಂದರು. ಹುಡುಗ ‘ವಾಯ್ಡ್ ಮೇನ್’ ಎಂದು ಬರೆದಿದ್ದ. “ಇಂಟ್ ಮೇನ್ ಅಲ್ವೇನ್ರೀ!” ಎಂದು ಹಣೆ ಹಿಡಿದುಕೊಂಡರು. ಅದರ ಮೇಲಿನ ಸಾಲಿನಲ್ಲಿ ‘ಕೋನಿಯೊ ಡಾಟ್ ಎಚ್’ ಕಂಡಿತು. ಇವರಿಗೆ ಉಸಿರೇ ಕಟ್ಟಿತು. ಅದು ಟರ್ಬೊ ಸಿ ಕಾಲದ ಸಾಮಾನು. ನೀಲಿ ಪರದೆಯ ಆ ಟರ್ಬೊ ಸಿ++ ಹುಟ್ಟಿದ್ದು ಡಾಸ್ ಯುಗದಲ್ಲಿ. ಸಿ++ಗೆ ಮೊದಲ ಅಂತಾರಾಷ್ಟ್ರೀಯ ಮಾನಕ ಬಂದ 1998ಕ್ಕೂ ಹಿಂದೆ. ಆದರೂ ನಮ್ಮ ಎಷ್ಟೋ ಕಾಲೇಜು ಲ್ಯಾಬುಗಳಲ್ಲಿ ಅದು ಬಹುಕಾಲ ಅಲುಗಾಡದೆ ಕೂತಿತ್ತು. ವಿಂಡೋಸ್ ಬದಲಾದರೆ ಡಾಸ್‌ಬಾಕ್ಸ್ ಹಾಕಿ ಅದರೊಳಗೆ ಕೂರಿಸಿದರು. ಹುಡುಗನಿಗೆ ಅದನ್ನು ಕಲಿಸಿದ್ದು ಕಾಲೇಜು. ಬೈಸಿಕೊಂಡದ್ದು ಹುಡುಗ.

ಅಷ್ಟರಲ್ಲಿ ಬೇರೆ ದೇಶಗಳ ಹುಡುಕಪ್ಪಂದಿರೂ ಬಂದು ಸೇರಿದರು. ಒಬ್ಬರು “ನೀನು ಏನೇನು ಪ್ರಯತ್ನಿಸಿದೆ?” ಎಂದರು. ಇನ್ನೊಬ್ಬರು “ಕನಿಷ್ಠ ಉದಾಹರಣೆ ಕೊಡು” ಎಂದರು. ಹುಡುಗ ಕೊಟ್ಟದ್ದೇ ಒಂಬತ್ತು ಸಾಲು. ಮೂರನೆಯವರು ಕೋಡಿನ ಮೂಲೆಯಲ್ಲಿದ್ದ ‘ಮ್ಯಾಲಾಕ್’ ನೋಡಿ, ಅದರ ಮುಂದೆ ಕಾಸ್ಟ್ ಹಾಕಬಾರದು ಎಂದರು. ಹಾಕಿದರೆ ತಪ್ಪೇನು ಎಂದು ನಾಲ್ಕನೆಯವರು. ಅಲ್ಲಿಂದ ಅವರಿಬ್ಬರದೇ ಜಟಾಪಟಿ ಹತ್ತಿಕೊಂಡಿತು. ಮದುವೆಮನೆಯಲ್ಲಿ ಹಸಿದು ಎಲೆಯ ಮುಂದೆ ಕೂತವನನ್ನು ಬಿಟ್ಟು, ಬಡಿಸುವವರು ಉಪ್ಪು ಎಡಕ್ಕೋ ಬಲಕ್ಕೋ ಎಂದು ಜಗಳಕ್ಕೆ ನಿಂತ ಹಾಗಿತ್ತು.

ಕೊನೆಗೆ ನಮ್ಮವರು ‘ಡೂಪ್ಲಿಕೇಟ್’ ಮುದ್ರೆ ಒತ್ತಿದರು. ಇದನ್ನು ಯಾರೋ ಹಿಂದೆಯೇ ಕೇಳಿಯಾಗಿದೆ, ಅಲ್ಲಿ ಹೋಗಿ ಓದು ಎಂದರ್ಥ. ಸಾಮಾನ್ಯರಾದರೆ ಇದಕ್ಕೆ 3000 ಅಂಕ ಇರಬೇಕು, ಮೇಲೆ ಇನ್ನಿಬ್ಬರ ವೋಟೂ ಬೇಕು. ಆದರೆ ಒಂದು ವಿಷಯದಲ್ಲಿ ಚಿನ್ನದ ಬ್ಯಾಡ್ಜ್ ಗಳಿಸಿದವರು ಒಬ್ಬರೇ ಮುಚ್ಚಬಹುದು. ಆ ಅಧಿಕಾರಕ್ಕೆ ಅವರ ವಲಯದಲ್ಲಿ ‘ಸುತ್ತಿಗೆ’ ಎಂದೇ ಹೆಸರು. ಹುಡುಕಪ್ಪನವರ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಹೊರಗಿನಿಂದ ಜನ ಬರಬೇಕು. ಈ ಸುತ್ತಿಗೆ ಮಾತ್ರ ಕೈಬಿಟ್ಟದ್ದಿಲ್ಲ.

ಹುಡುಗನ ತೊಂದರೆ ಏನಿತ್ತು ಅಂದರೆ, ಸ್ಕ್ಯಾನ್‌ಎಫ್ ಸಾಲಿನಲ್ಲಿ ವೇರಿಯಬಲ್ ಹೆಸರಿಗೆ ಮೊದಲು & ಚಿಹ್ನೆ ಬಿಟ್ಟುಹೋಗಿತ್ತು. ಸ್ಕ್ಯಾನ್‌ಎಫ್‌ಗೆ ಬೇಕಾದದ್ದು ಸಂಖ್ಯೆ ಇಡಬೇಕಾದ ಜಾಗದ ವಿಳಾಸ; ಅದನ್ನು ಕೊಡುವುದೇ ಆ ಚಿಹ್ನೆ. ಯಾರೋ ಪುಣ್ಯಾತ್ಮ ಪ್ರಶ್ನೆಯ ಕೆಳಗೆ ಒಂದೇ ಸಾಲಿನಲ್ಲಿ “& ಹಾಕು” ಎಂದು ಬರೆದು ಹೋದ. ಹುಡುಕಪ್ಪನವರು ಅವನ ಮೇಲೂ ಹರಿಹಾಯ್ದರು. “ಉತ್ತರವನ್ನು ಕಾಮೆಂಟಿನಲ್ಲಿ ಬರೆಯಬಾರದು!”

ಹೊಸಬರನ್ನು ಗದರುವುದು ಇವರು ಕಂಡುಹಿಡಿದ ವಿದ್ಯೆಯಲ್ಲ, ಪರಂಪರೆ ಇದೆ. ಯೂಸ್‌ನೆಟ್ ಎಂಬ ಹಳೆಯ ಚರ್ಚಾಕೂಟದ ಕಾಲದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ಹುಡುಗರು ಸೇರುತ್ತಿದ್ದರು, ಬಂದು ಪೆದ್ದುಪೆದ್ದಾಗಿ ಕೇಳುತ್ತಿದ್ದರು, ಹಳಬರು ಒಂದು ತಿಂಗಳು ಹಲ್ಲುಕಚ್ಚಿ ಅವರನ್ನು ಪಳಗಿಸುತ್ತಿದ್ದರು. 1993ರ ಹೊತ್ತಿಗೆ ಮನೆಮನೆಗೆ ಸಂಪರ್ಕ ಕೊಡುವ ಕಂಪನಿಗಳು ಬಂದು ಹೊಸಬರ ಸಾಲು ನಿಲ್ಲಲೇ ಇಲ್ಲ. ಹಳಬರು ಅದಕ್ಕೆ ‘ಮುಗಿಯದ ಸೆಪ್ಟೆಂಬರ್’ ಎಂದು ಹೆಸರಿಟ್ಟು ಇವತ್ತಿಗೂ ಅಳುತ್ತಾರೆ. 2001ರಲ್ಲಿ ಪ್ರೋಗ್ರಾಮರ್ ಎರಿಕ್ ರೇಮಂಡ್ ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆಂದು ಉದ್ದನೆಯ ಲೇಖನವನ್ನೇ ಬರೆದ. ಹುಡುಕಪ್ಪನವರಿಗೆ ಅದು ಬಾಯಿಪಾಠ. ನೆರವಾಗುವಂತೆ ಉತ್ತರಿಸುವ ಬಗ್ಗೆಯೂ ಅದರ ಕೊನೆಯಲ್ಲಿ ಒಂದು ಭಾಗವಿದೆ. ಇವರು ಅಲ್ಲಿಯವರೆಗೆ ಓದಿದ ಲಕ್ಷಣವಿಲ್ಲ.

ಹಾಗಂತ ಹುಡುಗರೇನು ಸಾಚಾಗಳಲ್ಲ. ಕೋಡ್ ಕಳಿಸಿ ಅಂದರೆ ಪರದೆಯ ಫೋಟೋ ಹೊಡೆದು ಕಳಿಸುತ್ತಾರೆ; ಅದರಲ್ಲಿ ಕೋಡಿಗಿಂತ ಟ್ಯೂಬ್‌ಲೈಟ್ ಚೆನ್ನಾಗಿ ಕಾಣುತ್ತದೆ. “ಎರರ್ ಬರ್ತಿದೆ.” ಏನೆಂದು ಬರ್ತಿದೆ? “ಗೊತ್ತಿಲ್ಲ, ಬಂದ ತಕ್ಷಣ ಕ್ಲೋಸ್ ಮಾಡಿದೆ.” ಉತ್ತರ ಸಿಕ್ಕಮೇಲೆ, ಮೇಷ್ಟ್ರ ಕಣ್ಣಿಗೆ ಬೀಳದಿರಲೆಂದು ಪ್ರಶ್ನೆಯನ್ನೇ ಅಳಿಸಿಬಿಡುವ ಜಾಣರೂ ಇದ್ದಾರೆ. ಒಂದು ಕಾಸಿಲ್ಲದೆ, ನಿದ್ದೆಗೆಟ್ಟು ಬರೆದವನಿಗೆ ಉರಿಯದೇ ಇರುತ್ತದೆಯೇ?

ಹುಡುಕಪ್ಪನವರ ವಾದದಲ್ಲಿ ಹುರುಳೂ ಇದೆ. ಅವರ ಪ್ರಕಾರ ಅದು ಗ್ರಂಥಾಲಯ, ಟ್ಯೂಷನ್ ಕ್ಲಾಸಲ್ಲ. ವಿಮ್ ಎಂಬ ಎಡಿಟರಿನಿಂದ ಹೊರಗೆ ಬರುವುದು ಹೇಗೆಂದು 2012ರಲ್ಲಿ ಒಬ್ಬ ಕೇಳಿದ. ಒಳಗೆ ಸಿಕ್ಕಿಕೊಂಡವನ ಆರ್ತನಾದ, ಅಷ್ಟೆ. 2017ರ ಹೊತ್ತಿಗೆ ಆ ಒಂದು ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ತೆರೆದು ನೋಡಿದ್ದರು. ಒಂದೇ ಕಡೆ ಒಳ್ಳೆಯ ಉತ್ತರ ಇದ್ದರೆ ಇಷ್ಟು ಜನಕ್ಕೆ ದಾರಿ ಸಿಗುತ್ತದೆ, ಸಾವಿರ ಕಡೆ ಚೆದುರಿದರೆ ಯಾರಿಗೂ ಇಲ್ಲ. ಒಪ್ಪಿದೆ. ಆದರೆ ಹುಡುಗನಿಗೆ ಇಂಟರ್ನಲ್ಸ್ ಇರುವುದು ನಾಳೆ ಬೆಳಿಗ್ಗೆ. ಇವರು ಹತ್ತು ವರ್ಷ ಬಿಟ್ಟು ಬರುವ ಓದುಗನ ಚಿಂತೆಯಲ್ಲಿದ್ದಾರೆ.

ಇನ್ನು ‘ಹುಡುಕು’ ಎನ್ನುವ ಮಾತು. ಆ ಹುಡುಗ ಹುಡುಕಬೇಕಾಗಿದ್ದದ್ದು ಪಾಯಿಂಟರ್, ಸೆಗ್ಮೆಂಟೇಶನ್ ಫಾಲ್ಟ್ ಎಂಬ ಪದಗಳನ್ನು. ಅವನಿಗೆ ಗೊತ್ತಿದ್ದದ್ದು ‘ನಿಂತುಹೋಯಿತು’ ಎಂಬುದೊಂದೇ. ಕಾಯಿಲೆಯ ಹೆಸರು ಗೊತ್ತಿದ್ದಿದ್ದರೆ ಅರ್ಧ ಔಷಧವೂ ಗೊತ್ತಿರುತ್ತಿತ್ತು. ಅಂಗಡಿ ಬಿಲ್ಲಿನ ಪ್ರಾಜೆಕ್ಟ್ ಮಾಡುತ್ತಿದ್ದ ಒಬ್ಬ ಹುಡುಗಿ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದಲ್ಲ ಎಂದು ಗಾಬರಿಯಿಂದ ಕೇಳಿದಳು. ಇವರು ಡೇವಿಡ್ ಗೋಲ್ಡ್‌ಬರ್ಗ್ 1991ರಲ್ಲಿ ಇದೇ ವಿಷಯಕ್ಕೆ ಬರೆದ ಪ್ರೌಢ ಪ್ರಬಂಧದ ಲಿಂಕ್ ಎಸೆದು ಮಲಗಿದರು. “ಪೈಸೆ ಲೆಕ್ಕದಲ್ಲಿ ಇಟ್ಟುಕೋಮ್ಮ, ಚುಕ್ಕೆಯೇ ಬರಲ್ಲ” ಅಂದಿದ್ದರೆ ಮುಗಿಯುತ್ತಿತ್ತು.

2018ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಕಂಪನಿಯವರಿಗೇ ಮುಜುಗರವಾಯಿತು. ನಮ್ಮಲ್ಲಿ ಹೊಸಬರಿಗೆ ಸ್ವಾಗತ ಸಾಲದು, ಇದು ಬದಲಾಗಬೇಕು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಹೊಸಬರ ಹೆಸರಿನ ಪಕ್ಕ ಕೈಬೀಸುವ ಪುಟ್ಟ ಚಿತ್ರ ಹಾಕಿದರು, ಇವರೊಂದಿಗೆ ಮೃದುವಾಗಿರಿ ಎಂದು. ಹುಡುಕಪ್ಪನವರಿಗೆ ಬಹಳ ಅನುಕೂಲವಾಯಿತು. ಮೊದಲೆಲ್ಲ ಹೊಸಬ ಯಾರೆಂದು ಅವರೇ ಪತ್ತೆ ಹಚ್ಚಬೇಕಾಗಿತ್ತು.

ಆಮೇಲೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಹುಡುಗರು ಹೇಳದೆ ಕೇಳದೆ ಎದ್ದು ಆ ಕಡೆ ಹೋದರು. ಅದು ಕೆಲವೊಮ್ಮೆ ಸುಳ್ಳು ಹೇಳುತ್ತದೆ, ಆದರೆ ‘ಒಳ್ಳೆಯ ಪ್ರಶ್ನೆ ಕೇಳಿದಿರಿ’ ಎನ್ನುತ್ತದೆ. ಇವರಿಗೆ ಸುಳ್ಳಿಗಿಂತ ಈ ಮಾತೇ ಹೆಚ್ಚು ಚುಚ್ಚಿದೆ. “ಒಳ್ಳೆಯ ಪ್ರಶ್ನೆಯೇನ್ರೀ ಅದು?” 2024ರಲ್ಲಿ ಇವರ ಸ್ಟ್ಯಾಕ್ ಓವರ್‌ಫ್ಲೋವೇ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡು ಉತ್ತರಗಳ ಭಂಡಾರವನ್ನು ತೆರೆದುಕೊಟ್ಟಿತು. ಇವರು ವರ್ಷಗಟ್ಟಲೆ ಬರೆದದ್ದೂ ಅದರಲ್ಲಿದೆ. ಬೈಗುಳ ಸೋಸಿ ಉಳಿದದ್ದನ್ನು ಯಂತ್ರ ಬಡಿಸುತ್ತಿದೆ.

ಈಗ ರಾತ್ರಿ ಹೊತ್ತು ಕೆಲಸವಿಲ್ಲದೆ ಹುಡುಕಪ್ಪನವರು ಬಾಲ್ಕನಿಯಲ್ಲಿ ಕರಿಬೇವು ಬೆಳೆಸಲು ಹೊರಟಿದ್ದಾರೆ. ಮೊನ್ನೆ ಅಪಾರ್ಟ್‌ಮೆಂಟಿನ ಗಾರ್ಡನಿಂಗ್ ವಾಟ್ಸ್ಆ್ಯಪ್ ಗುಂಪಿಗೆ ಕತ್ತಲಲ್ಲಿ ತೆಗೆದ ಒಂದು ಫೋಟೋ ಹಾಕಿ ಬರೆದರು: “ಗಿಡ ಸರಿ ಇಲ್ಲ. ಏನು ಮಾಡೋದು? ಅರ್ಜೆಂಟ್.” ಎಷ್ಟು ದಿನದ ಗಿಡ, ಎಂಥ ಮಣ್ಣು, ಯಾವಾಗ ನೀರು, ಒಂದೂ ಇಲ್ಲ. ಐದು ನಿಮಿಷದಲ್ಲಿ ಉತ್ತರಗಳು ಸಾಲುಗಟ್ಟಿದವು. ಹುಳಿ ಮಜ್ಜಿಗೆ ಹಾಕಿ. ಬಿಸಿಲಿಗಿಡಿ. ಬಿಸಿಲು ಜಾಸ್ತಿಯಾಗಿದೆ, ಒಳಗಿಡಿ. ತುದಿ ಚಿವುಟಿ. ದೃಷ್ಟಿಯಾಗಿರಬಹುದು. ಒಬ್ಬರು ಬೇಕಾದರೆ ನಮ್ಮ ಮನೆಯ ಸಸಿ ಕೊಡ್ತೀನಿ ಬನ್ನಿ ಎಂದರು. ಹಿಂದಿನ ವಾರವಷ್ಟೇ ಇದೇ ಪ್ರಶ್ನೆ ಬಂದಿತ್ತೆಂದು ಯಾರೂ ಎತ್ತಿ ಆಡಲಿಲ್ಲ.

ಹುಡುಕಪ್ಪನವರಿಗೆ ತಡೆಯಲಾಗಲಿಲ್ಲ. “ಇಷ್ಟು ಅಸ್ಪಷ್ಟವಾದ ಪ್ರಶ್ನೆಗೆ ಯಾರೂ ಉತ್ತರಿಸಬಾರದಿತ್ತು. ಈ ಗುಂಪಿಗೆ ಮೊದಲು ಕೆಲವು ರೂಲ್ಸ್ ಹಾಕೋಣ” ಎಂದು ಬರೆದು, ಹನ್ನೊಂದು ಅಂಶಗಳ ಪಟ್ಟಿಯನ್ನೂ ಅಂಟಿಸಿದರು.

ನೆಲಮಹಡಿಯ ಶಾರದಮ್ಮನವರ ಉತ್ತರ ಕೂಡಲೇ ಬಂತು: “ಆಗಲಿ ಕಣಪ್ಪ. ಮೊದಲು ಮಜ್ಜಿಗೆ ಹಾಕು, ಆಮೇಲೆ ರೂಲ್ಸ್ ಹಾಕುವಿಯಂತೆ.”