ಕುಡಿಕೆಯೊಳಗಿನ ದೀಪ

ಮಿಶಿಗನ್ನಿನಲ್ಲಿ ಆ ವರ್ಷದ ಮೊದಲ ಕೊರೆಯುವ ಬೆಳಿಗ್ಗೆ. ಮಿನಿವ್ಯಾನ್ ಸ್ಟಾರ್ಟ್ ಮಾಡಿದ ಕೂಡಲೇ ಹಳದಿ ದೀಪವೊಂದು ಹತ್ತಿಕೊಂಡಿತು. ಬಾಯಿ ತೆರೆದ ಕುಡಿಕೆ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ.

“ಏನೋ ಇದು, ಕುಡಿಕೇಲಿ ನಿಧಿ ಸಿಕ್ತಾ?” ಪಕ್ಕದ ಸೀಟಿನಿಂದ ಅಪ್ಪ. ಹಾಸನದ ಕಡೆ ಮೂವತ್ತು ವರ್ಷ ಬಸ್ ಓಡಿಸಿದವರು.

“ಟಯರಲ್ಲಿ ಗಾಳಿ ಕಮ್ಮಿಯಂತೆ ಅಪ್ಪಾ.”

“ಅಂತೆ ಯಾಕೆ? ಇಳಿದು ನೋಡು.”

ಆ ಚಳಿಯಲ್ಲಿ ಇಳಿಯುವುದೇ! ನನಗೆ ಬೇಕಿದ್ದದ್ದು ಗಾಳಿಯಲ್ಲ, ದೀಪ ಆರುವುದು. ಗ್ಲೌ ಬಾಕ್ಸಿನೊಳಗೆ ರೀಸೆಟ್ ಗುಂಡಿಯಿದೆ. ಒತ್ತಿ ಹಿಡಿದರೆ ದೀಪ ಮೂರು ಸಲ ಕಣ್ಣು ಮಿಟುಕಿಸುತ್ತದೆ; ಇರುವಷ್ಟೇ ಗಾಳಿ ತನ್ನ ಪಾಲಿನದು ಎಂದು ವ್ಯಾನು ಒಪ್ಪಿಕೊಂಡ ಹಾಗೆ. ಮೊದಲು ಗಾಳಿ ತುಂಬಿಸಿ ಎಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿದ್ದಾರೆ, ನಿಜ. ಬರೆಯುವವರಿಗೇನು, ಒಳಗೆ ಬೆಚ್ಚಗೆ ಕೂತು ಬರೆದಿರುತ್ತಾರೆ.

ಅಪ್ಪನನ್ನು ಮಾತಿನಲ್ಲಿ ಮರೆಸೋಣವೆಂದು ದೀಪದ ಪುರಾಣ ತೆಗೆದೆ. ಟಯರಿನ ಪದರ ಕಿತ್ತುಬಂದು ಗಾಡಿಗಳು ಪಲ್ಟಿ ಹೊಡೆದು ಜನ ಸತ್ತ ಮೇಲೆ, 2000ದಲ್ಲಿ ಇಲ್ಲಿನ ಕಾಂಗ್ರೆಸ್ಸು ಕಾನೂನು ಮಾಡಿತು. 2008ರ ಮಾಡೆಲಿನಿಂದ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯ. ಇರಬೇಕಾದ ಗಾಳಿಯಲ್ಲಿ ಕಾಲುಭಾಗ ಇಳಿದರೆ ಹತ್ತಲೇಬೇಕು.

“ಇಷ್ಟು ಜನ ಸೇರಿ ಹಚ್ಚಿದ ದೀಪಾನ ನೀನೊಬ್ಬ ಆರಿಸ್ತೀಯಾ?” ಎಂದವರೇ ಅಪ್ಪ ಇಳಿದೇಬಿಟ್ಟರು. ನನ್ನ ಸ್ವೆಟರಿನಲ್ಲಿ, ಮಂಕಿ ಕ್ಯಾಪಿನಲ್ಲಿ, ಹಲಸಿನಹಣ್ಣು ತಟ್ಟಿ ನೋಡುವವರಂತೆ ಚಕ್ರದಿಂದ ಚಕ್ರಕ್ಕೆ ಹೋಗಿ ಬಡಿದು ಕಿವಿಗೊಟ್ಟರು. “ಹಿಂದಿನ ಎಡಗಡೇದು.”

ಗೇಜ್ ಇಟ್ಟು ನೋಡಿದರೆ ಅದರಲ್ಲಿ 25. ಬಾಗಿಲ ಪಕ್ಕದ ಚೀಟಿ ಕೇಳುತ್ತಿದ್ದದ್ದು 35. ಮಿಕ್ಕ ಮೂರರಲ್ಲೂ ಮೂವತ್ತರ ಆಸುಪಾಸು. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ ಏರಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ ಎಂದು ವಾದಿಸಿದೆ. “ಹಂಗಾದ್ರೆ ಚಳಿಗಾಲ ಬರೋದು ನಿಂಗೆ ಗೊತ್ತಿರಲಿಲ್ವಾ?” ಅಂದರು.

ಬಂಕಿನ ಗಾಳಿ ಯಂತ್ರಕ್ಕೆ ಎಂಟು ಕ್ವಾರ್ಟರ್ ತಿನ್ನಿಸಿದೆ. ಅದು ಕೂಗಿಕೊಳ್ಳುತ್ತ ನಿಮಿಷ ಎಣಿಸಿತು; ನಾನು ಮರಗಟ್ಟಿದ ಬೆರಳಿನಲ್ಲಿ ವಾಲ್ವಿನ ಮುಚ್ಚಳ ಬೀಳಿಸಿ ಹುಡುಕಿದೆ. ಮೂರು ಚಕ್ರ ತುಂಬುವಷ್ಟರಲ್ಲಿ ಯಂತ್ರ ಗಪ್‌ಚುಪ್. ಜೇಬಿನಲ್ಲಿ ಒಂದು ಬಿಲ್ಲೆಯೂ ಉಳಿದಿರಲಿಲ್ಲ.

ಮುಕ್ಕಾಲುಪಾಲು ಧರ್ಮ ಸಾಕು, ಇನ್ನು ಗುಂಡಿ ಒತ್ತೋಣವೆಂದು ಒಳಗೆ ಬಂದು ಗ್ಲೌ ಬಾಕ್ಸಿನತ್ತ ಕೈ ಚಾಚಿದೆ. ಅಪ್ಪ ಎರಡೂ ಮೊಣಕಾಲನ್ನು ಅದರ ಬಾಗಿಲಿಗೆ ಒತ್ತಿ ಕೂತಿದ್ದರು.

“ಒಳಗೆ ಹೋಗಿ ಚಿಲ್ಲರೆ ತಗೊಂಡು ಬಾ.”