ಹೂಳೆತ್ತುವವನಿಗೊಂದು ನಿಯಮಾವಳಿ

ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಒಂದು ಸಾಮಾನ್ಯ ನಿಯಮಾವಳಿ ಬೇಕಂತೆ. ಬೇಕೇ ಬೇಕು. ಪುಕ್ಕಟೆ ದುಡಿಯುವವನಿಗೆ ಶಿಸ್ತೂ ಬೇಡವೆಂದರೆ ಹೇಗೆ?

ನಿಯಮ ಬರೆಯುವುದನ್ನು ಕಲಿಯಬೇಕಾದವರು ನಮ್ಮ ಘಟಪ್ರಭಾ ಕಾಲುವೆಯ ದಂಡೆಗೆ ಬರಲಿ. ಧೂಪದಾಳದ ಒಡ್ಡು 1897ರದು. ಹಿಡಕಲ್‌ ಜಲಾಶಯದಲ್ಲಿ 51 ಟಿಎಂಸಿ ಅಡಿ ನೀರು ನಿಲ್ಲುತ್ತದೆ. 2000ದಲ್ಲಿ ನೀರಾವರಿ ಕಾಯ್ದೆ ತಿದ್ದಿ, ಕಾಲುವೆಯ ನಿರ್ವಹಣೆಯನ್ನು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಒಪ್ಪಿಸುವ ದಾರಿಯೂ ಆಯಿತು. ಬೈಲಾ ಬಂತು, ಠರಾವು ಪುಸ್ತಕ ಬಂತು, ರಬ್ಬರ್ ಸ್ಟ್ಯಾಂಪ್ ಬಂತು. ಎಷ್ಟೋ ಕಡೆ ಬಾರದೇ ಉಳಿದದ್ದು ಸಲಿಕೆ ಹಿಡಿಯುವ ಕೈ. ಮೇಲಿನವರ ಕಬ್ಬು ಪಾಳಿ ಇಲ್ಲದ ರಾತ್ರಿಯೂ ನೀರು ಕುಡಿಯುತ್ತದೆ. ಕಾಲುವೆಯ ಕೊನೆಯ ರೈತ ಹೂಳೆತ್ತುತ್ತ ನಿಂತರೆ, ದಂಡೆಯ ಮೇಲಿಂದ ಬೈಕ್ ನಿಲ್ಲಿಸಿದವರೊಬ್ಬರು ಕೇಳುತ್ತಾರೆ: ‘ಏನೋ ತಮ್ಮಾ, ಇನ್ನೂ ಆಗಿಲ್ಲೇನು?’

ತಂತ್ರಾಂಶ ಲೋಕದಲ್ಲೂ ಇದೇ ಪ್ರಶ್ನೆ, ಇಂಗ್ಲಿಷಿನಲ್ಲಿ. ಜಗತ್ತಿನ ಬ್ಯಾಂಕು, ಅಂಗಡಿಗಳೆಲ್ಲ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ ಎಂಬ ಭದ್ರತಾ ತಂತ್ರಾಂಶದಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ತೂತು ಸಿಕ್ಕಿತು. ಅಲ್ಲಿಯವರೆಗೆ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಕೋಟಿ ಕೋಟಿ ವ್ಯವಹಾರದ ಬೀಗಕ್ಕೆ ಎಣ್ಣೆ ಹಾಕಲು ಅಷ್ಟು ಸಾಕೆಂದು ಜಗತ್ತು ನಂಬಿತ್ತು.

ಇನ್ನು ಆದರ್ಶ ಸ್ವಯಂಸೇವಕನ ಕಥೆ ಕೇಳಿ. ಫೈಲುಗಳನ್ನು ಒತ್ತಿ ಚಿಕ್ಕದಾಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬನೇ ನೋಡಿಕೊಂಡಿದ್ದ. ‘ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಡಿ’ ಎಂದು ಗುರುತು ಪರಿಚಯವಿಲ್ಲದವರು ಪೀಡಿಸತೊಡಗಿದರು. ಜಿಯಾ ಟಾನ್ ಎಂಬ ಹೆಸರಿನವನು ಆಗಲೇ ನೆರವಿಗೆ ಬಂದಿದ್ದ. ಮಾತು ಮೃದು, ಕೆಲಸ ಅಚ್ಚುಕಟ್ಟು, ತಾಳ್ಮೆ ಎರಡು ವರ್ಷಕ್ಕೂ ಮಿಕ್ಕಿದ್ದು. ನಿಯಮಪಾಲನೆಗೆ ಬಹುಮಾನ ಕೊಡುವುದಿದ್ದರೆ ಅವನಿಗೇ ಕೊಡಬೇಕಿತ್ತು. ಕೀಲಿಕೈ ಕೈಗೆ ಬಂದ ಮೇಲೆ, 2024ರಲ್ಲಿ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟ. ಹಿಡಿದದ್ದು ಯಾವ ನಿಯಮಾವಳಿಯೂ ಅಲ್ಲ. ತನ್ನ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ತಲೆ ಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್.

ನಿಯಮ ಬೇಡವೆಂದಲ್ಲ. ಮೊದಲ ಪುಟ ಬಳಸುವವರಿಗೆ ಮೀಸಲಿರಲಿ. ತಂತ್ರಾಂಶದಿಂದ ಗಳಿಸುವ ಕಂಪನಿ ಕಾಸು ಬಿಚ್ಚಲಿ, ಇಲ್ಲವೇ ದುಡಿಯಲು ಒಬ್ಬರನ್ನು ಕಳಿಸಲಿ. ಮೇಂಟೇನರ್ ಜಾತ್ರೆಗೆ ಹೋದರೆ ಅದು ಅವನ ಹಕ್ಕು. ‘ಇನ್ನೂ ಆಗಿಲ್ಲೇನು’ ಎಂದವನ ಕೈಗೆ ಆ ಕೆಲಸವನ್ನೇ ಕೊಡತಕ್ಕದ್ದು.

ನಿಯಮಾವಳಿಯ ಸಭೆಯಲ್ಲಿ ಈ ಕಲಮುಗಳಿಗೆ ಸೂಚಕರು ಸಿಗಲಿಲ್ಲವಾಗಿ ಕೈಬಿಡಲಾಯಿತು. ಉಳಿದದ್ದೆಲ್ಲ ಸರ್ವಾನುಮತದಿಂದ ಪಾಸಾಯಿತು. ನಿಯಮಾವಳಿಯನ್ನು ಕಾಲಕಾಲಕ್ಕೆ ತಿದ್ದಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು, ಸಭೆಗೆ ಬರಲು ಪುರುಸೊತ್ತಿಲ್ಲದಿದ್ದ ಮೇಂಟೇನರ್‌ಗೇ ವಹಿಸಲಾಗಿದೆ. ಗೌರವಧನ ಇರುವುದಿಲ್ಲ.