ಬೆರಳು ಮಡಚಿದರೆ ತಪ್ಪೇನ್ರೀ?

ಬೆರಳು ಮಡಚಿ ಕೂಡುವ ಮಗುವನ್ನು ಕಂಡರೆ ನಮ್ಮ ಟೀಚರುಗಳಿಗೆ ಅದೇನು ಸಿಟ್ಟೋ ಕಾಣೆ. ಎರಡನೇ ಕ್ಲಾಸು ದಾಟಿತೋ ಇಲ್ಲವೋ, ‘ಕೈ ಕೆಳಗಿಡು, ಮನಸ್ಸಲ್ಲೇ ಮಾಡು’ ಅಂತ ಗದರಿಕೆ ಶುರು. ಪಾಪ, ಮಗು ಕೈಯನ್ನು ಡೆಸ್ಕಿನ ಕೆಳಗಿಳಿಸುತ್ತೆ. ಬೆರಳುಗಳು ಅಲ್ಲಿ ಕದ್ದುಮುಚ್ಚಿ ತಮ್ಮ ಕೆಲಸ ಮಾಡ್ತಾನೇ ಇರುತ್ತವೆ. ಸಂಜೆಯಾದರೆ ಅದೇ ಮಗುವನ್ನು ಅಪ್ಪನೋ ಅಮ್ಮನೋ ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋಗಿ, ಫೀಸು ಕಟ್ಟಿ, ಅಬಾಕಸ್ ಕ್ಲಾಸಿಗೆ ಬಿಟ್ಟು ಬರುತ್ತಾರೆ. ಅಲ್ಲಿ ನೋಡಬೇಕು ತಮಾಷೆ. ಮೊದಮೊದಲು ಮಣಿ ಪೋಣಿಸಿದ ಚೌಕಟ್ಟು, ಆಮೇಲೆ ಅದೂ ಇಲ್ಲ, ಬರೀ ಗಾಳಿ. ಕ್ಲಾಸಿನ ತುಂಬ ಮಕ್ಕಳು ಕಣ್ಣು ಮುಚ್ಚಿಕೊಂಡು, ಇಲ್ಲದ ಮಣಿಗಳನ್ನು ಹೆಬ್ಬೆರಳು ತೋರುಬೆರಳಲ್ಲಿ ಸರಸರ ಸರಿಸುತ್ತಾ ಕೂತಿರುತ್ತವೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಯ್ತು ಇದು. ಬೆಳಿಗ್ಗೆ ಬೈಸಿಕೊಂಡ ಬೆರಳಿಗೇ ಸಂಜೆ ದುಡ್ಡು ಕೊಟ್ಟು ಟ್ಯೂಷನ್ನು, ಅಲ್ವಾ?

ಆ ಗಾಳಿಯಾಟ ಬರೀ ಶೋಕಿ ಅಂತಲೂ ಅನ್ನೋ ಹಾಗಿಲ್ಲ. ಜಪಾನಿನವರ ಅಬಾಕಸ್ಸು ಗೊತ್ತಲ್ಲ, ಸೊರೊಬಾನ್, ಅದರಲ್ಲಿ ಪಳಗಿದವರನ್ನು ಹತಾನೋ ಅನ್ನುವ ಮನಶ್ಶಾಸ್ತ್ರಜ್ಞರು, ಜೊತೆಗಾರರನ್ನು ಕಟ್ಟಿಕೊಂಡು, 1977ರಷ್ಟು ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದರು. ಬೆರಳಾಡಿಸಬೇಡಿ ಅಂದರೆ ಅರ್ಧಂಬರ್ಧ ಪಳಗಿದವರ ಲೆಕ್ಕ ಎಡವುತ್ತಿತ್ತಂತೆ. ತೀರಾ ಉಸ್ತಾದರು ಮಾತ್ರ ಹೇಗೋ ನಿಭಾಯಿಸಿಬಿಡೋರು. ವಿಚಿತ್ರ ಅಂದರೆ, ಲೆಕ್ಕದ ಮಧ್ಯೆ ಅದೂ ಇದೂ ಸಣ್ಣ ಪ್ರಶ್ನೆ ಕೇಳಿದರೆ ಈ ಉಸ್ತಾದರು ಉತ್ತರ ಹೇಳುತ್ತಲೇ ಲೆಕ್ಕವನ್ನೂ ಮುಗಿಸೋರು. ನಾವು ನೋಟು ಎಣಿಸುವಾಗ ಒಳಗಿನಿಂದ ಯಾರಾದರೂ ‘ಕಾಫಿ ಬೇಕಾ’ ಅಂದರೆ ಸಾಕು, ಮತ್ತೆ ಮೊದಲಿನಿಂದ ಶುರು. ನಮ್ಮ ಲೆಕ್ಕ ಬಾಯಲ್ಲಿ, ಅವರದ್ದು ಮನಸ್ಸಿನೊಳಗಿನ ಮಣಿಗಳಲ್ಲಿ. ಕಾಫಿ ಕೇಳಿದವರಿಗೆ ಬಾಯಿ ಬೇಕು, ಮಣಿ ಬೇಡವಲ್ಲ!

ನಮ್ಮಜ್ಜಿಗೂ ಆ ತೊಂದರೆ ಇರಲಿಲ್ಲ. ಅವಳ ಲೆಕ್ಕವೆಲ್ಲ ಬೆರಳ ಗೆಣ್ಣಿನ ಮೇಲೆ. ಬೆರಳಿಗೆ ಮೂರು, ನಾಲ್ಕು ಬೆರಳಿಗೆ ಹನ್ನೆರಡು, ಎಣಿಸುವ ಕೆಲಸ ಹೆಬ್ಬೆರಳಿಗೆ. ತಾರಸಿ ಮೇಲೆ ಒಣಹಾಕಿದ ಹಪ್ಪಳ ಎಣಿಸುತ್ತಾ ಇರೋವಾಗ ಕಾಗೆ ಬಂತು ಅನ್ನಿ. ಹೆಬ್ಬೆರಳನ್ನು ಆ ಗೆಣ್ಣಿನ ಮೇಲೇ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಬೀಸಿ, ಕಾಗೆಯ ಹಿಂದಿನ ಏಳು ತಲೆಮಾರನ್ನೂ ನೆನೆದು ಬೈದು, ಕೆಳಗಿನಿಂದ ಕೂಗಿದ ಹಾಲಿನವನಿಗೆ ಉತ್ತರ ಕೊಟ್ಟು, ಆಮೇಲೆ ಅದೇ ಗೆಣ್ಣಿನಿಂದ ಮುಂದಕ್ಕೆ ಹೊರಡೋಳು. ಎಷ್ಟಾಗಿತ್ತು ಅಂತ ನೆನಪಿಟ್ಟುಕೊಳ್ಳೋ ಗೋಜೇ ಇಲ್ಲ. ನೆನಪು ಹೆಬ್ಬೆರಳಿನ ಕೆಳಗೇ ಇತ್ತಲ್ಲ.

ತಾತನ ದಾರಿ ಬೇರೆ. ಗಾಯತ್ರಿ ಜಪಕ್ಕೆ ಕೂತರೆ ಉಂಗುರ ಬೆರಳಿನ ನಡುಗೆಣ್ಣಿನಿಂದ ಶುರು. ಅಲ್ಲಿಂದ ಕೆಳಕ್ಕಿಳಿದು, ಕಿರುಬೆರಳು ಹತ್ತಿ, ಮೇಲೆ ಮೇಲೇ ದಾಟಿಕೊಂಡು ತೋರುಬೆರಳಿನ ಬುಡಕ್ಕೆ ಬಂದರೆ ಹತ್ತು. ನಡುಬೆರಳಿನ ಮಧ್ಯದ ಗೆಣ್ಣು, ಬುಡದ ಗೆಣ್ಣು ಎರಡೂ ಮೇರು, ಮುಟ್ಟೋ ಹಾಗಿಲ್ಲ. ಹನ್ನೆರಡಿರುವ ಕೈಯಲ್ಲಿ ಎರಡನ್ನು ದೇವರ ಹೆಸರಿಗೆ ಬಿಟ್ಟು ಹತ್ತು ಮಾಡಿಕೊಂಡ ಜಾಣತನ ನೋಡಿ. ಎಷ್ಟು ಹತ್ತಾಯಿತು ಅನ್ನೋದನ್ನು ಎಡಗೈ ನೋಡಿಕೊಳ್ಳುತ್ತೆ. ಇಷ್ಟೂ ನಡೆಯೋದು ಅಂಗವಸ್ತ್ರದ ಮರೆಯಲ್ಲಿ. ನಾವು ಮಕ್ಕಳು ಬಗ್ಗಿ ಇಣುಕಿದರೆ ಕಣ್ಣಲ್ಲೇ ಗದರೋರು, ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ.

ಬಟ್ಟೆ ಮರೆ ಅಂದ ಕೂಡಲೇ ದನದ ಜಾತ್ರೆ ನೆನಪಾಯ್ತು. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುತ್ತಲ್ಲ, ಅಂಥ ಕಡೆ ದಲ್ಲಾಳಿಗಳ ವ್ಯಾಪಾರವನ್ನು ನಿಂತು ನೋಡಬೇಕು. ಹೆಗಲ ಮೇಲಿನ ಟವೆಲ್ಲು ಕೈಗಳ ಮೇಲೆ ಬೀಳುತ್ತೆ, ಅದರಡಿಯಲ್ಲಿ ಇವನು ಅವನ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ಒಂದು, ಪೂರ್ತಿ ಕೈಗೆ ಐದು. ಒಂದು ಅಂದರೆ ಸಾವಿರವೋ, ಹತ್ತು ಸಾವಿರವೋ? ಅದನ್ನು ಯಾರೂ ಬಿಡಿಸಿ ಹೇಳೋದಿಲ್ಲ, ಎದುರಿಗೆ ನಿಂತ ಜೋಡಿ ಎತ್ತುಗಳನ್ನು ನೋಡಿದರೆ ಇಬ್ಬರಿಗೂ ಗೊತ್ತಾಗುತ್ತೆ. ಬಿಡಿ, ಹತ್ತು, ನೂರು ಅಂತ ಸ್ಥಾನಬೆಲೆ ಕಲಿಸೋಕೆ ಮೇಷ್ಟರು ವರ್ಷಗಟ್ಟಲೆ ಸೀಮೆಸುಣ್ಣ ಸವೆಸುತ್ತಾರೆ, ಇಲ್ಲಿ ಒಂದೇ ತೋರುಬೆರಳು ಸಾವಿರವೂ ಆಗುತ್ತೆ, ಲಕ್ಷವೂ ಆಗುತ್ತೆ. ಮೇಲೆ ಬಾಯಲ್ಲಿ ಮಳೆ ಬೆಳೆ ಮಾತು, ಹಲ್ಲು ನೋಡಿದ್ದು, ಸುಳಿ ನೋಡಿದ್ದು. ಒಬ್ಬ ಸರಕ್ಕನೆ ಕೈ ಕಿತ್ತುಕೊಂಡರೆ ಸುತ್ತ ನಿಂತವರಿಗೆ ತಿಳಿಯೋದು ಇಷ್ಟೇ: ಕುದುರಲಿಲ್ಲ. ಎಷ್ಟಕ್ಕೆ ಕುದುರಲಿಲ್ಲ? ಅದು ಟವೆಲ್ಲಿಗೇ ಗೊತ್ತು.

ನಮ್ಮದೆಲ್ಲ ಮಣಿಕಟ್ಟಿನಿಂದ ಈಚೆಗೇ ಮುಗಿದುಹೋಯಿತು. ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲಿರುವ ಒಕ್ಸಾಪ್ಮಿನ್ ಜನ ಅರ್ಧ ಮೈಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಒಂದು ಕೈಯ ಹೆಬ್ಬೆರಳಿನಿಂದ ಹೊರಟು, ಮಣಿಕಟ್ಟು, ಮೊಣಕೈ, ಭುಜ, ಕುತ್ತಿಗೆ, ಕಿವಿ, ಕಣ್ಣು ಅಂತ ಹತ್ತಿ, ಮೂಗಿಗೆ ಬಂದರೆ 14. ಮತ್ತೆ ಆಚೆ ಕಣ್ಣು, ಆಚೆ ಕಿವಿ ಅಂತ ಇಳಿದು ಆ ಕೈಯ ಕಿರುಬೆರಳು ಮುಟ್ಟಿದರೆ 27. ಜೆಫ್ರಿ ಸ್ಯಾಕ್ಸ್ ಅನ್ನುವವರು 1978ರಿಂದ ಅವರ ನಡುವೆ ಓಡಾಡಿ ಇದನ್ನೆಲ್ಲ ಬರೆದಿಟ್ಟರು. ಹೊರಗಿನವರ ಜೊತೆ ಶಿಲ್ಲಿಂಗ್ ಬಂತು, 20 ಶಿಲ್ಲಿಂಗಿಗೆ ಒಂದು ಪೌಂಡು. ಸರಿ, ಆಚೆ ಮೊಣಕೈಗೆ ಬಂದರೆ ನಿಲ್ಲಿಸಿ ಒಂದು ಪೌಂಡು ಅಂದರು. ಕೂಡುವ ಲೆಕ್ಕ ಬಂದಾಗಲಂತೂ ಇನ್ನೂ ಮಜ. ಒಂಬತ್ತಕ್ಕೆ ಏಳು ಸೇರಿಸಬೇಕಾ? ಒಂಬತ್ತು ಅಂದರೆ ಮೇಲ್ತೋಳು. ಅಂಗಡಿ ವ್ಯವಹಾರ ಮಾಡಿ ಪಳಗಿದವರು ಅದರ ಮುಂದಿನ ಭುಜವನ್ನೇ ‘ಹೆಬ್ಬೆರಳು’ ಅನ್ನುತ್ತಾ, ಕುತ್ತಿಗೆಯನ್ನು ‘ತೋರುಬೆರಳು’ ಅನ್ನುತ್ತಾ ಏಳು ಹೆಜ್ಜೆ ಮುಂದಕ್ಕೆ ಹೋಗುತ್ತಾರೆ. ಒಂಬತ್ತೂ ಏಳೂ ಎಷ್ಟಪ್ಪಾ ಅಂದರೆ, ಆಚೆ ಕಿವಿ! ನಮ್ಮ ಶಾಲೆಗಳಲ್ಲಿ ಲೆಕ್ಕ ತಪ್ಪಿದಾಗಷ್ಟೇ ಕಿವಿಗೆ ಕೈ ಹೋಗುತ್ತಿತ್ತು.

ಬೆರಳು ಬೇಡ, ತಲೆ ಸಾಕು ಅನ್ನೋರಿಗೆ ಇನ್ನೊಂದು ಮಾತು. 1920ರ ದಶಕದಲ್ಲಿ ವಿಯೆನ್ನಾದ ಡಾಕ್ಟರು ಗರ್ಸ್ಟ್‌ಮನ್ ಒಂದು ಕಾಯಿಲೆಯನ್ನು ಗುರುತಿಸಿದರು. ಮಿದುಳಿನ ಎಡಭಾಗದ ಒಂದು ಜಾಗಕ್ಕೆ ಪೆಟ್ಟಾದವರಿಗೆ ತಮ್ಮದೇ ಕೈಯ ಉಂಗುರ ಬೆರಳು ಯಾವುದು, ನಡುಬೆರಳು ಯಾವುದು ಅನ್ನೋದೇ ತಿಳಿಯದೆ ಹೋಗುತ್ತಂತೆ. ಅವರಿಗೇ ಕೂಡೋದು, ಕಳೆಯೋದೂ ಕೈಕೊಡುತ್ತೆ, ಎಡ ಬಲ ಗೊಂದಲ, ಬರೆಯೋದೂ ಕಷ್ಟ. ಬೆರಳೂ ಲೆಕ್ಕವೂ ತಲೆಯೊಳಗೆ ಅಕ್ಕಪಕ್ಕದ ಮನೆಯಲ್ಲಿರೋದು ಅಷ್ಟರಮಟ್ಟಿಗೆ ಗೊತ್ತಾಯ್ತು. ಟೀಚರಿಗೆ ಇದನ್ನು ಹೇಳೋರು ಯಾರು ಬಿಡಿ.

ಸಂಗೀತ ಕಚೇರಿಗೆ ಹೋದಾಗಲೂ ನೋಡಿದ್ದೀರಲ್ಲ? ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ತಟ್ಟಿ ಬೀಸು, ತಟ್ಟಿ ಬೀಸು. ಆದಿತಾಳದ ಎಂಟು ಅಕ್ಷರ ಆಯ್ತು. ತನಿ ಆವರ್ತನದಲ್ಲಿ ಮೃದಂಗದವರು ಐದು ಏಳು ಅಂತ ಏನೇನೋ ಗಣಿತ ತೆಗೆದಾಗ ನನ್ನ ತಲೆ ದಿಕ್ಕು ತಪ್ಪಿರುತ್ತೆ, ಕೈ ಮಾತ್ರ ತನ್ನ ಪಾಡಿಗೆ ಸಮಕ್ಕೆ ಸರಿಯಾಗಿ ಬಂದು ಬೀಳುತ್ತೆ. ಪಕ್ಕದ ಸೀಟಿನವರು ತಪ್ಪಾಗಿ ಹಾಕುತ್ತಿದ್ದರೆ ಮಾತ್ರ ದೇವರೇ ಗತಿ.

ಕೈಗೇ ಯಾಕೆ, ಕತ್ತಿಗೂ ಲೆಕ್ಕಕ್ಕೂ ನಂಟಿದೆಯಂತೆ, ಕೇಳಿ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎಡಕ್ಕೂ ಬಲಕ್ಕೂ ತಲೆ ತಿರುಗಿಸುತ್ತಾ ಬಾಯಿಗೆ ಬಂದ ಸಂಖ್ಯೆ ಹೇಳ್ತಾ ಹೋಗಿ ಅಂದರಂತೆ. ಎಡಕ್ಕೆ ತಿರುಗಿದಾಗ ಸಣ್ಣ ಸಂಖ್ಯೆಗಳೇ ಹೆಚ್ಚು ಬಂದವು! ಅಳತೆಪಟ್ಟಿಯಲ್ಲಿ ಸಣ್ಣದು ಎಡಕ್ಕಿರುತ್ತಲ್ಲ, ಹಾಗೆ. ಇದನ್ನು ಓದಿದಾಗಿನಿಂದ ನನಗೆ ಒಂದೇ ಯೋಚನೆ. ತರಕಾರಿ ಗಾಡಿಯವನು ದಿನಾ ನಿಂತುಕೊಳ್ಳೋದು ನಿಮ್ಮ ಗೇಟಿನ ಮುಂದೆ ತಾನೇ? ನಾಳೆ ನೀವು ಸ್ವಲ್ಪ ಅವನ ಎಡಗಡೆಗೆ ನಿಂತು, ಅವನು ಕತ್ತು ಆ ಕಡೆಗೇ ತಿರುಗಿಸಿ ರೇಟು ಹೇಳೋ ಹಾಗೆ ಮಾಡಿ ನೋಡಿ. ಟೊಮೇಟೊ ಇಳಿದರೆ ನನಗೂ ಎರಡು ಕೇಜಿ ತೆಗೆದಿಡಿ, ಆಯ್ತಾ?